ಒಂದು ಗರಿ, ಎರಡು ಹನಿ ಎಣ್ಣೆ

ಮಕ್ಕಳೇ,

ಕಡಲಿಗೆ ತೈಲ ಚೆಲ್ಲಿದರೆ ಹಕ್ಕಿಗಳು ಸಾಯುತ್ತವೆ ಎಂದು ಒಮ್ಮೆ ತರಗತಿಯಲ್ಲಿ ಹೇಳಿದೆ. ಕೂಡಲೇ ಒಬ್ಬಳು ಹುಡುಗಿ ಎದ್ದು ನಿಂತಳು. "ಟೀಚರೇ, ಬಾತುಕೋಳಿ ತಾನೇ ಮೈಗೆ ಎಣ್ಣೆ ಸವರಿಕೊಳ್ಳುತ್ತದೆ ಎಂದು ನೀವೇ ಹೇಳಿದ್ದೀರಲ್ಲ? ಮತ್ತೆ ಎಣ್ಣೆಯಿಂದ ಅದಕ್ಕೇನು ತೊಂದರೆ?" ಎಂದು ಕೇಳಿದಳು.

ಒಳ್ಳೆಯ ಪ್ರಶ್ನೆ! ನಾವು ಪುಸ್ತಕ ಮುಚ್ಚಿದೆವು. ಬಾತುಕೋಳಿಯ ಒಂದು ಗರಿಯ ಮೇಲೆ ನೀರು ಹನಿಸಿದೆವು. ಕೆಸುವಿನ ಎಲೆಯ ಮೇಲಿನಂತೆ ನೀರು ಉರುಳಿಹೋಯಿತು. ಆಮೇಲೆ ಅದೇ ಗರಿಗೆ ಎರಡು ಹನಿ ತೆಂಗಿನೆಣ್ಣೆ ಹಚ್ಚಿದೆವು. ಎಳೆಗಳು ಒಂದಕ್ಕೊಂದು ಅಂಟಿಕೊಂಡು ನಡುವೆ ಸೀಳು ಬಿಟ್ಟವು. ಸೀಳಿನಲ್ಲಿ ನೀರು ಇಳಿಯಿತು.

ಗರಿಯ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿವೆ. ಅವು ಒಂದನ್ನೊಂದು ಹಿಡಿದುಕೊಂಡಿರುವುದರಿಂದ ನೀರು ಒಳಗೆ ಬರುವುದಿಲ್ಲ. ಗರಿಗಳ ಅಡಿಯಲ್ಲಿ ಬೆಚ್ಚಗಿನ ಗಾಳಿ ನಿಲ್ಲುತ್ತದೆ. ಹಕ್ಕಿಯ ಬಾಲದ ಬುಡದಲ್ಲಿ ಒಸರುವ ಎಣ್ಣೆ ತೀರಾ ಸ್ವಲ್ಪ. ಅದು ಗರಿಯನ್ನು ಕಾಪಾಡುತ್ತದೆ. ಹಡಗಿನ ತೈಲವಾದರೋ ದಪ್ಪಗೆ ಮೆತ್ತಿಕೊಂಡು ಗರಿಯನ್ನೇ ಕೆಡಿಸುತ್ತದೆ. ತಣ್ಣೀರು ಚರ್ಮವನ್ನು ಮುಟ್ಟುತ್ತದೆ. ಹಕ್ಕಿಗೆ ತೇಲಲಾಗದು, ಹಾರಲಾಗದು. ಕೊಕ್ಕಿನಿಂದ ಗರಿಯನ್ನು ಶುಚಿ ಮಾಡಲು ಹೋದರೆ ವಿಷ ಹೊಟ್ಟೆಗೆ ಸೇರುತ್ತದೆ.

1989ರ ಮಾರ್ಚ್ 24ರಂದು ಅಮೆರಿಕದ ಅಲಾಸ್ಕದಲ್ಲಿ 'ಎಕ್ಸಾನ್ ವಾಲ್ಡೆಜ್' ಎಂಬ ಹಡಗು ಬಂಡೆಗೆ ಬಡಿಯಿತು. ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಕಡಲಿಗೆ ಚೆಲ್ಲಿತು. ಸುಮಾರು ಎರಡೂವರೆ ಲಕ್ಷ ಕಡಲಹಕ್ಕಿಗಳು ಸತ್ತಿರಬಹುದೆಂದು ಅಂದಾಜು. ಅದು ದೂರದ ಊರಿನ ಕತೆ ಎನ್ನುವಿರಾ? 2023ರ ಡಿಸೆಂಬರಿನಲ್ಲಿ ಚೆನ್ನೈ ಬಳಿಯ ಎಣ್ಣೂರಿನಲ್ಲಿ ಹೆಜ್ಜಾರ್ಲೆಗಳ ಮೈಗೆ ತೈಲ ಮೆತ್ತಿತು. 2025ರ ಮೇ 25ರಂದು ನಮ್ಮ ಕೇರಳದ ಕೊಚ್ಚಿಯ ಆಚೆ ಕಡಲಿನಲ್ಲಿ ಸರಕು ಹಡಗೊಂದು ಮುಳುಗಿ, ನೀರಿನ ಮೇಲೆ ತೈಲ ಹರಡಿತು.

"ಸಣ್ಣ ಮಕ್ಕಳಿಗೆ ಇಂಥ ದುಃಖದ ಪಾಠ ಯಾಕೆ?" ಎಂದು ಕೆಲವು ಹಿರಿಯರು ಕೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಸತ್ತ ಹಕ್ಕಿಯ ಚಿತ್ರವನ್ನಷ್ಟೇ ತೋರಿಸಿದರೆ ನೀವು ಅತ್ತು ಮರೆತುಬಿಡುತ್ತೀರಿ. ಗರಿಯನ್ನು ಕೈಯಲ್ಲಿ ಹಿಡಿದು ಕಾರಣ ತಿಳಿದುಕೊಂಡರೆ ಮರೆಯುವುದಿಲ್ಲ. ಕಾರಣ ತಿಳಿದವರು ಮಾತ್ರ "ಹೀಗಾಗಬಾರದು" ಎಂದು ಹೇಳಬಲ್ಲರು.

ತೈಲ ಮೆತ್ತಿದ ಹಕ್ಕಿಯನ್ನು ಕಂಡರೆ ನೀವು ಮುಟ್ಟಬೇಡಿ. ಹಿರಿಯರ ಮೂಲಕ ಅರಣ್ಯ ಇಲಾಖೆಗೆ ತಿಳಿಸಿ. ತರಬೇತಿ ಪಡೆದವರು ಬೆಚ್ಚಗಿನ ಸೋಪುನೀರಿನಲ್ಲಿ ಅದನ್ನು ತೊಳೆಯುತ್ತಾರೆ. ಆದರೂ ಎಷ್ಟೋ ಹಕ್ಕಿಗಳು ಬದುಕುವುದಿಲ್ಲ. ಆದ್ದರಿಂದ ತೊಳೆಯುವುದಕ್ಕಿಂತ ಚೆಲ್ಲದಂತೆ ನೋಡಿಕೊಳ್ಳುವುದೇ ಮೇಲು. ಹಡಗನ್ನು ನಡೆಸುವವರು ನೀವಲ್ಲ, ನಿಜ. ಆದರೆ ದೋಣಿ, ಬೈಕುಗಳ ಹಳೆಯ ಎಂಜಿನ್ ಆಯಿಲನ್ನು ಹೊಳೆಗೋ ತೋಡಿಗೋ ಸುರಿಯುವವರು ನಮ್ಮೂರಿನಲ್ಲೂ ಇದ್ದಾರೆ. ತೋಡು ಹೊಳೆಗೆ, ಹೊಳೆ ಕಡಲಿಗೆ ಸೇರುತ್ತದೆ. "ಬೇಡ ಮಾವ, ಅಲ್ಲಿ ನೀರುಕಾಗೆ ಮುಳುಗುತ್ತದೆ" ಎಂದು ಹೇಳಲು ನಿಮಗೆ ಬಾಯಿ ಇದೆ.

ನಿಮ್ಮ ಅಭಿಪ್ರಾಯವೇನು? ತರಗತಿಯಲ್ಲಿ ಚರ್ಚಿಸಿರಿ. ಗರಿಯನ್ನು ಮುಟ್ಟಿದ ಮೇಲೆ ಕೈ ತೊಳೆಯಲು ಮರೆಯದಿರಿ.