ವಿದೇಶಗಳಲ್ಲಿ ಉದ್ಯೋಗದಾತರ ಬದಲಾವಣೆ ಮತ್ತು ವೀಸಾ ನಿಯಮಗಳು

ವಿದೇಶಗಳಲ್ಲಿ ಉದ್ಯೋಗದಾತರ ಬದಲಾವಣೆ ಎಂದರೆ, ಕೆಲಸದ ವೀಸಾದ ಮೇಲೆ ಪರದೇಶಕ್ಕೆ ಹೋದ ನೌಕರನು ತನ್ನನ್ನು ಕರೆಸಿಕೊಂಡ ಮಾಲೀಕನನ್ನು ಬಿಟ್ಟು, ಅದೇ ದೇಶದಲ್ಲಿ ಮತ್ತೊಬ್ಬ ಮಾಲೀಕನ ಬಳಿ ಕಾನೂನುಬದ್ಧವಾಗಿ ಕೆಲಸಕ್ಕೆ ಸೇರುವ ಪ್ರಕ್ರಿಯೆಯಾಗಿದೆ. ಹಲವು ದೇಶಗಳಲ್ಲಿ ಕೆಲಸದ ವೀಸಾವು ನಿರ್ದಿಷ್ಟ ಉದ್ಯೋಗದಾತನ ಹೆಸರಿಗೆ ಜೋಡಣೆಯಾಗಿರುತ್ತದೆ. ಆದ್ದರಿಂದ ಕೆಲಸ ಬಿಟ್ಟವನು ಸಂಬಳದೊಂದಿಗೆ ಆ ದೇಶದಲ್ಲಿ ವಾಸಿಸುವ ಹಕ್ಕನ್ನೂ ಕಳೆದುಕೊಳ್ಳಬಹುದು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಕರ್ನಾಟಕದ ಚಾಲಕರು, ಕಟ್ಟಡ ಕಾರ್ಮಿಕರು ಮತ್ತು ಮನೆಗೆಲಸದವರಿಗೂ, ಅಮೆರಿಕದಲ್ಲಿರುವ ತಂತ್ರಾಂಶ ತಜ್ಞರಿಗೂ ಈ ಸಮಸ್ಯೆ ಬೇರೆ ಬೇರೆ ರೂಪಗಳಲ್ಲಿ ಎದುರಾಗುತ್ತದೆ. ಕಳೆದ ಒಂದೂವರೆ ದಶಕದಲ್ಲಿ ಕೊಲ್ಲಿಯ ಹಲವು ದೇಶಗಳು ಈ ನಿಯಮಗಳನ್ನು ಸಡಿಲಿಸಿವೆ. ಆದರೆ ಸಡಿಲಿಕೆಯ ಪ್ರಯೋಜನವು ಕಾರ್ಮಿಕನ ವೀಸಾದ ವರ್ಗ, ಅವನ ಕೈಯಲ್ಲಿರುವ ದಾಖಲೆಗಳು ಮತ್ತು ಅವನ ತಲೆಯ ಮೇಲಿರುವ ಸಾಲವನ್ನು ಅವಲಂಬಿಸಿದೆ.

ಹಿನ್ನೆಲೆ

ಉತ್ತರ ಕರ್ನಾಟಕದಲ್ಲಿ ಕೆಲಸ ಅರಸಿ ಊರು ಬಿಡುವುದಕ್ಕೆ ಗುಳೆ ಹೋಗುವುದು ಎಂಬ ಮಾತಿದೆ. ಗದಗ ಜಿಲ್ಲೆಯ ಶಿರಹಟ್ಟಿ, ಮುಂಡರಗಿ ಭಾಗದ ಮಳೆಯಾಶ್ರಿತ ಹಳ್ಳಿ ಹಾಗೂ ತಾಂಡಾಗಳಿಂದ ಗೋವಾ, ಮಂಗಳೂರು, ಬೆಂಗಳೂರುಗಳಿಗೆ ಕೂಲಿಕಾರರು ಹೋಗುವುದು ಹಳೆಯ ರೂಢಿ. ದೇಶದೊಳಗಿನ ಗುಳೆಯಲ್ಲಿ ಕೂಲಿ ಸರಿಯಾಗಿ ಸಿಗದಿದ್ದರೆ ಕಾರ್ಮಿಕನು ಒಬ್ಬ ಮೇಸ್ತ್ರಿಯನ್ನು ಬಿಟ್ಟು ಇನ್ನೊಬ್ಬನ ಬಳಿಗೆ ಹೋಗಬಹುದು; ಅವನನ್ನು ಕಟ್ಟಿಹಾಕುವುದು ಪಡೆದ ಮುಂಗಡ ಹಣ ಮಾತ್ರ. ಹೀಗೆ ಸಾಲದಿಂದ ದುಡಿಮೆಯನ್ನು ಕಟ್ಟಿಹಾಕುವುದನ್ನು ಭಾರತವು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಮೂಲಕ ನಿಷೇಧಿಸಿದೆ. ಪರದೇಶದಲ್ಲಿ ಮಾತ್ರ ಸಾಲದ ಜೊತೆಗೆ ವೀಸಾ ಎಂಬ ಎರಡನೆಯ ಕಟ್ಟು ಸೇರಿಕೊಳ್ಳುತ್ತದೆ.

ಕಫಾಲಾ ಪದ್ಧತಿ

ಕೊಲ್ಲಿ ಸಹಕಾರ ಮಂಡಳಿಯ ದೇಶಗಳಲ್ಲಿಯೂ ಜೋರ್ಡಾನ್ ಹಾಗೂ ಲೆಬನಾನ್‌ಗಳಲ್ಲಿಯೂ ಬೆಳೆದುಬಂದ ಪ್ರಾಯೋಜಕತ್ವದ ವ್ಯವಸ್ಥೆಯನ್ನು ಕಫಾಲಾ ಎನ್ನುತ್ತಾರೆ. ಇದರಲ್ಲಿ ಕಫೀಲ್ ಎಂದು ಕರೆಯಲಾಗುವ ಪ್ರಾಯೋಜಕನು ಕಾರ್ಮಿಕನ ಪ್ರವೇಶ ಮತ್ತು ವಾಸ ಪರವಾನಗಿಗಳಿಗೆ ಹೊಣೆಗಾರನಾಗಿರುತ್ತಾನೆ. ಮೂಲ ರೂಪದಲ್ಲಿ ಕೆಲಸ ಬದಲಿಸಲು ಹಳೆಯ ಮಾಲೀಕನ ನಿರಾಕ್ಷೇಪಣಾ ಪತ್ರ ಅಗತ್ಯವಾಗಿತ್ತು. ಕೆಲವು ದೇಶಗಳಲ್ಲಿ ಊರಿಗೆ ಮರಳಲು ಕೂಡ ಅವನಿಂದ ನಿರ್ಗಮನ ಪರವಾನಗಿ ಪಡೆಯಬೇಕಿತ್ತು.

ಈ ವ್ಯವಸ್ಥೆಯ ಬದಿಯಲ್ಲೇ 'ಆಜಾದ್ ವೀಸಾ' ಅಥವಾ 'ಫ್ರೀ ವೀಸಾ' ಎಂಬ ವ್ಯವಹಾರವೂ ಬೆಳೆಯಿತು. ಹಣ ಪಡೆದ ಪ್ರಾಯೋಜಕನು ತನ್ನ ಹೆಸರಿನಲ್ಲಿ ವೀಸಾ ಕೊಡಿಸಿ, ಕಾರ್ಮಿಕನನ್ನು ಬೇರೆಡೆ ದುಡಿಯಲು ಬಿಡುತ್ತಾನೆ. ಹೆಸರಿನಲ್ಲಿ ಸ್ವಾತಂತ್ರ್ಯವಿದ್ದರೂ ಇಂತಹ ವೀಸಾ ಯಾವ ದೇಶದ ಕಾನೂನಿನಲ್ಲಿಯೂ ಇಲ್ಲ. ಪ್ರಾಯೋಜಕನಲ್ಲದವನ ಬಳಿ ದುಡಿಯುವುದು ವಾಸ ನಿಯಮದ ಉಲ್ಲಂಘನೆಯಾಗುತ್ತದೆ.

ಕೊಲ್ಲಿ ದೇಶಗಳಲ್ಲಿನ ಸುಧಾರಣೆಗಳು

ಕತಾರ್: 2018ರಲ್ಲಿ ಬಹುತೇಕ ಕಾರ್ಮಿಕರಿಗೆ ನಿರ್ಗಮನ ಪರವಾನಗಿಯನ್ನು ಕೈಬಿಡಲಾಯಿತು. 2020ರ ಜನವರಿಯಲ್ಲಿ ಈ ಸೌಲಭ್ಯ ಮನೆಗೆಲಸದವರಿಗೂ ವಿಸ್ತರಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ನಿರಾಕ್ಷೇಪಣಾ ಪತ್ರದ ನಿಯಮ ರದ್ದಾಯಿತು. ಎರಡು ವರ್ಷದವರೆಗೆ ದುಡಿದವರು ಒಂದು ತಿಂಗಳ, ಅದಕ್ಕಿಂತ ಹೆಚ್ಚು ದುಡಿದವರು ಎರಡು ತಿಂಗಳ ಮುನ್ಸೂಚನೆ ನೀಡಿ ಕೆಲಸ ಬದಲಿಸಬಹುದು.

ಓಮಾನ್: 2021ರ ಜನವರಿ 1ರಿಂದ ಗುತ್ತಿಗೆ ಮುಗಿದ ಅಥವಾ ರದ್ದಾದ ಕಾರ್ಮಿಕರು ಹಳೆಯ ಮಾಲೀಕನ ನಿರಾಕ್ಷೇಪಣಾ ಪತ್ರವಿಲ್ಲದೆ ಹೊಸ ಕೆಲಸಕ್ಕೆ ಸೇರಬಹುದು.

ಸೌದಿ ಅರೇಬಿಯಾ: 2021ರ ಮಾರ್ಚ್ 14ರಂದು ಜಾರಿಗೆ ಬಂದ ಸುಧಾರಣೆಯಂತೆ, ಒಂದು ವರ್ಷ ಸೇವೆ ಸಲ್ಲಿಸಿದ ಕಾರ್ಮಿಕನು 90 ದಿನಗಳ ಮುನ್ಸೂಚನೆ ನೀಡಿ ಮಾಲೀಕನ ಒಪ್ಪಿಗೆಯಿಲ್ಲದೆ ವರ್ಗಾವಣೆ ಪಡೆಯಬಹುದು. ಸತತ ಮೂರು ತಿಂಗಳು ಸಂಬಳ ಬಾರದಿದ್ದರೆ ಅಥವಾ ಕೆಲಸದ ಪರವಾನಗಿಯ ಅವಧಿ ಮುಗಿದಿದ್ದರೆ ವರ್ಷ ತುಂಬುವವರೆಗೆ ಕಾಯಬೇಕಿಲ್ಲ. ಈ ವ್ಯವಹಾರವು 'ಕಿವಾ' ಎಂಬ ಸರ್ಕಾರಿ ಜಾಲತಾಣದ ಮೂಲಕ ನಡೆಯುತ್ತದೆ.

ಸಂಯುಕ್ತ ಅರಬ್ ಸಂಸ್ಥಾನ: 2022ರ ಫೆಬ್ರವರಿ 2ರಂದು ಜಾರಿಯಾದ ಹೊಸ ಕಾರ್ಮಿಕ ಕಾನೂನಿನ ಪ್ರಕಾರ ಪರೀಕ್ಷಾರ್ಥ ಅವಧಿ ಆರು ತಿಂಗಳನ್ನು ಮೀರುವಂತಿಲ್ಲ. ಆ ಅವಧಿಯಲ್ಲಿಯೇ ಅದೇ ದೇಶದ ಮತ್ತೊಬ್ಬ ಮಾಲೀಕನ ಬಳಿ ಸೇರುವವರು ಒಂದು ತಿಂಗಳ ಮುನ್ಸೂಚನೆ ಕೊಡಬೇಕು. ನೇಮಕಾತಿಯ ವೆಚ್ಚವನ್ನು ಹಳೆಯ ಮಾಲೀಕನಿಗೆ ಹೊಸ ಮಾಲೀಕನು ಭರಿಸಬೇಕು; ಕಾರ್ಮಿಕನಲ್ಲ. ಕಾರ್ಮಿಕನ ಗುರುತಿನ ದಾಖಲೆಗಳನ್ನು ಮಾಲೀಕನು ಇಟ್ಟುಕೊಳ್ಳುವುದನ್ನೂ ಈ ಕಾನೂನು ನಿಷೇಧಿಸುತ್ತದೆ.

ಸುಧಾರಣೆಯ ದಾರಿ ಎಲ್ಲೆಡೆ ಒಂದೇ ದಿಕ್ಕಿನಲ್ಲಿ ಸಾಗಿಲ್ಲ. ಪ್ರಾಯೋಜಕನಿಲ್ಲದೆ ದುಡಿಯಲು ಅವಕಾಶ ನೀಡುವ 'ಫ್ಲೆಕ್ಸಿ' ಪರವಾನಗಿಯನ್ನು ಬಹರೈನ್ 2017ರಲ್ಲಿ ಆರಂಭಿಸಿ 2022ರಲ್ಲಿ ನಿಲ್ಲಿಸಿ, ಬೇರೊಂದು ನೋಂದಣಿ ವ್ಯವಸ್ಥೆಯನ್ನು ತಂದಿತು. ಕುವೈತ್ 2025ರ ಜುಲೈ 1ರಿಂದ ಖಾಸಗಿ ವಲಯದ ವಿದೇಶಿ ನೌಕರರು ದೇಶ ಬಿಡುವ ಮೊದಲು ಮಾಲೀಕನ ಅನುಮೋದನೆಯಿರುವ ನಿರ್ಗಮನ ಪರವಾನಗಿ ಪಡೆಯಬೇಕೆಂದು ವಿಧಿಸಿತು.

ಮಿತಿಗಳು

ಸುಧಾರಣೆಗಳ ದೊಡ್ಡ ಕೊರತೆಯೆಂದರೆ ಅವು ಎಲ್ಲ ಕಾರ್ಮಿಕರನ್ನೂ ಒಳಗೊಳ್ಳದಿರುವುದು. ಸೌದಿ ಅರೇಬಿಯಾದ 2021ರ ಸುಧಾರಣೆಯು ಮನೆಗೆಲಸದವರು, ಮನೆಯ ಚಾಲಕರು, ತೋಟದ ಮಾಲಿಗಳು, ಕೃಷಿ ಕಾರ್ಮಿಕರು ಮತ್ತು ಕುರಿಗಾಹಿಗಳನ್ನು ಹೊರಗಿಟ್ಟಿತು. ಒಂದೇ ಊರಿನಿಂದ ಹೋದ ಇಬ್ಬರು ಚಾಲಕರಲ್ಲಿ ಕಂಪನಿಯ ಲಾರಿ ಓಡಿಸುವವನಿಗೆ ಕೆಲಸ ಬದಲಿಸುವ ಹಕ್ಕು ದೊರೆತು, ಮನೆಯ ಕಾರು ಓಡಿಸುವವನಿಗೆ ದೊರೆಯದಿರುವುದು ಈ ವಿಂಗಡಣೆಯ ಫಲ. ಮನೆಗೆಲಸದವರಿಗೆ ಹಲವು ದೇಶಗಳಲ್ಲಿ ಪ್ರತ್ಯೇಕ ಕಾನೂನುಗಳಿವೆ.

ಎರಡನೆಯದು ಪರಾರಿ ದೂರು. ಸೌದಿಯಲ್ಲಿ ಇದನ್ನು 'ಹುರೂಬ್' ಎನ್ನುತ್ತಾರೆ. ಕಾರ್ಮಿಕನು ಕೆಲಸಕ್ಕೆ ಗೈರುಹಾಜರಾಗಿದ್ದಾನೆಂದು ಮಾಲೀಕನು ದಾಖಲಿಸಿದರೆ ಅವನ ವಾಸ ಕಾನೂನುಬಾಹಿರವಾಗಿ, ಬಂಧನ ಮತ್ತು ಗಡೀಪಾರಿನ ಭಯ ಎದುರಾಗುತ್ತದೆ. ಸಂಬಳ ಕೇಳಿದ ಅಥವಾ ಕೆಲಸ ಬಿಡಲು ಬಯಸಿದ ಕಾರ್ಮಿಕರ ವಿರುದ್ಧ ಸುಳ್ಳು ದೂರು ದಾಖಲಿಸಲಾಗುತ್ತದೆ ಎಂಬ ಆರೋಪ ಮಾನವ ಹಕ್ಕು ಸಂಘಟನೆಗಳಿಂದ ಪದೇ ಪದೇ ಕೇಳಿಬಂದಿದೆ. ಹೀಗಾಗಿ ಲಿಖಿತ ಮುನ್ಸೂಚನೆ ನೀಡದೆ ಕೆಲಸದ ಸ್ಥಳ ಬಿಡುವುದು ಕಾರ್ಮಿಕನಿಗೇ ಮುಳುವಾಗಬಹುದು.

ಹೀಗೆ ಅಕ್ರಮ ವಾಸಿಗಳಾದವರಿಗೆ ಆಗಾಗ ಕ್ಷಮಾದಾನದ ಅವಧಿಗಳು ಬಾಗಿಲು ತೆರೆದಿವೆ. 2013ರಲ್ಲಿ ಸೌದಿ ಅರೇಬಿಯಾ ನೀಡಿದ ಅವಕಾಶದಲ್ಲಿ ಲಕ್ಷಾಂತರ ಭಾರತೀಯರು ತಮ್ಮ ದಾಖಲೆಗಳನ್ನು ಸರಿಪಡಿಸಿಕೊಂಡರು. ಸಂಯುಕ್ತ ಅರಬ್ ಸಂಸ್ಥಾನವು 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಇಂತಹ ಅವಕಾಶ ಕೊಟ್ಟಿತ್ತು. ಆದರೆ ಕ್ಷಮಾದಾನವು ಆಳುವವರ ಔದಾರ್ಯವೇ ಹೊರತು ಕಾರ್ಮಿಕನ ಹಕ್ಕಲ್ಲ.

ಕರ್ನಾಟಕದ ಪ್ರಕರಣಗಳು

2019ರಲ್ಲಿ ಮಂಗಳೂರು ಭಾಗದ ಮೂವತ್ತಕ್ಕೂ ಹೆಚ್ಚು ಯುವಕರು ಕುವೈತ್‌ನಲ್ಲಿ ಸಂಬಳವಿಲ್ಲದೆ ಸಿಲುಕಿಕೊಂಡು, ತಮ್ಮ ಸ್ಥಿತಿಯನ್ನು ವಿಡಿಯೊ ಮೂಲಕ ಹೊರಜಗತ್ತಿಗೆ ತಿಳಿಸಿದರು. ಭಾರತೀಯ ರಾಯಭಾರ ಕಚೇರಿ, ಜನಪ್ರತಿನಿಧಿಗಳು ಹಾಗೂ ಅಲ್ಲಿನ ಅನಿವಾಸಿ ಕನ್ನಡಿಗರ ಪ್ರಯತ್ನದಿಂದ ಅವರು ಊರಿಗೆ ಮರಳಿದರು. ಉದ್ಯೋಗದಾತ ವಿಫಲನಾದಾಗ ಅದೇ ದೇಶದಲ್ಲಿ ಬೇರೆ ಕೆಲಸಕ್ಕೆ ಸೇರುವ ದಾರಿ ಸುಲಭವಾಗಿರದಿದ್ದರೆ, ಮರಳುವುದೊಂದೇ ಪರಿಹಾರವಾಗಿ ಉಳಿಯುತ್ತದೆ. ಹೋಗುವಾಗ ಮಾಡಿದ ಸಾಲ ಮಾತ್ರ ತೀರದೆ ಉಳಿಯುತ್ತದೆ.

ಕಲಬುರಗಿ ಜಿಲ್ಲೆಯ ಕೆಲವು ಯುವಕರು ಭದ್ರತಾ ಸಿಬ್ಬಂದಿ, ಸಹಾಯಕ ಮುಂತಾದ ಕೆಲಸದ ಭರವಸೆ ನಂಬಿ ರಷ್ಯಾಕ್ಕೆ ಹೋಗಿ, ಅಲ್ಲಿ ಸೇನೆಯ ಸೇವೆಗೆ ತಳ್ಳಲ್ಪಟ್ಟು 2024ರ ಸೆಪ್ಟೆಂಬರ್‌ನಲ್ಲಿ ಮರಳಿದ ಘಟನೆ ಇನ್ನೊಂದು ಬಗೆಯದು. ತನಗೆ ಓದಲು ಬಾರದ ಭಾಷೆಯ ಒಪ್ಪಂದಕ್ಕೆ ಸಹಿ ಹಾಕಿದವನಿಗೆ ಅದರಿಂದ ಬಿಡಿಸಿಕೊಳ್ಳುವ ದಾರಿಯೂ ತಿಳಿಯುವುದಿಲ್ಲ ಎಂಬುದನ್ನು ಅದು ತೋರಿಸಿತು.

ಅಮೆರಿಕದ ಎಚ್-1ಬಿ ವೀಸಾ

ಉನ್ನತ ಶಿಕ್ಷಣ ಪಡೆದವರೂ ಈ ಕಟ್ಟಿನಿಂದ ಪೂರ್ಣವಾಗಿ ಮುಕ್ತರಲ್ಲ. ಎಚ್-1ಬಿ ವೀಸಾದಲ್ಲಿರುವವರು ಹೊಸ ಕಂಪನಿ ಅರ್ಜಿ ಸಲ್ಲಿಸಿದೊಡನೆ ಅಲ್ಲಿ ಕೆಲಸ ಆರಂಭಿಸಲು 2000ದ ಕಾನೂನು ಅವಕಾಶ ನೀಡಿದೆ. ಕೆಲಸ ಕಳೆದುಕೊಂಡವರಿಗೆ ಗರಿಷ್ಠ 60 ದಿನಗಳ ಕಾಲಾವಕಾಶವಿದ್ದು, ಅಷ್ಟರೊಳಗೆ ಹೊಸ ಉದ್ಯೋಗದಾತ ಸಿಗದಿದ್ದರೆ ವೀಸಾದ ಬಗೆ ಬದಲಿಸಬೇಕು ಅಥವಾ ದೇಶ ಬಿಡಬೇಕು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಲಾಯಿತು. ಅಮೆರಿಕದೊಳಗೆ ಮಾನ್ಯ ಸ್ಥಿತಿಯಲ್ಲಿದ್ದು ಅವಧಿ ವಿಸ್ತರಣೆ ಅಥವಾ ಬದಲಾವಣೆ ಕೋರುವವರಿಗೆ ಅದು ಅನ್ವಯಿಸದೆಂದು ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಲಾಯಿತು.

ಭಾರತದ ಕಾನೂನು ಮತ್ತು ನೆರವು

ಭಾರತದ 1983ರ ವಲಸೆ ಕಾಯ್ದೆಯ ಅಡಿಯಲ್ಲಿ, ಸಾಮಾನ್ಯವಾಗಿ ಹತ್ತನೆಯ ತರಗತಿ ತೇರ್ಗಡೆಯಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕೆ ಹೋಗಲು ವಲಸೆ ಅನುಮತಿ ಪಡೆಯಬೇಕು. ಈ ಅನುಮತಿಯು 'ಇ-ಮೈಗ್ರೇಟ್' ಜಾಲತಾಣದ ಮೂಲಕ ಸಿಗುತ್ತದೆ. ನೋಂದಾಯಿತ ಏಜೆಂಟರು ಸೇವಾಶುಲ್ಕವಾಗಿ 30,000 ರೂಪಾಯಿ ಹಾಗೂ ತೆರಿಗೆಗಿಂತ ಹೆಚ್ಚು ಪಡೆಯುವಂತಿಲ್ಲ. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸದ ವೀಸಾ ಪಡೆಯುವವರು ಈ ರಕ್ಷಣೆಯ ಹೊರಗುಳಿಯುತ್ತಾರೆ.

ಅನುಮತಿ ಪಡೆದು ಹೋಗುವವರಿಗೆ ದೊರೆಯುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿ ಅಪಘಾತ ವಿಮೆಯು ಉದ್ಯೋಗದಾತ ಬದಲಾದರೂ ಮುಂದುವರಿಯುತ್ತದೆ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ. ಅದರ ಮೇಲೆ ವಿದೇಶಿ ಮಾಲೀಕನಿಗೆ ಹಕ್ಕಿಲ್ಲ. ದೂರು ಸಲ್ಲಿಸಲು 2015ರಲ್ಲಿ ಆರಂಭವಾದ 'ಮದದ್' ಜಾಲತಾಣವೂ, ಸಂಕಷ್ಟದಲ್ಲಿರುವವರ ನೆರವಿಗೆ ರಾಯಭಾರ ಕಚೇರಿಗಳಲ್ಲಿ 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯೂ ಇವೆ. ರಾಜ್ಯ ಮಟ್ಟದಲ್ಲಿ ಅನಿವಾಸಿ ಭಾರತೀಯ ಸಮಿತಿ ಕಾರ್ಯನಿರ್ವಹಿಸುತ್ತಿದೆ. 1983ರ ಕಾಯ್ದೆಯ ಜಾಗದಲ್ಲಿ ಹೊಸ ಕಾನೂನು ತರಲು 2025ರ ಅಕ್ಟೋಬರ್‌ನಲ್ಲಿ ಮಸೂದೆಯೊಂದರ ಕರಡನ್ನು ಸಾರ್ವಜನಿಕ ಅಭಿಪ್ರಾಯಕ್ಕೆ ಬಿಡಲಾಯಿತು.

ವಿಶ್ಲೇಷಣೆ

ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸುವ ಹಕ್ಕು ಇಂದು ಕೊಲ್ಲಿಯ ಹಲವು ದೇಶಗಳ ಕಾನೂನಿನಲ್ಲಿದೆ. ಅದನ್ನು ಬಳಸಲು ನೋಂದಾಯಿತ ಒಪ್ಪಂದ, ಅವಧಿ ಮುಗಿಯದ ವಾಸ ಪರವಾನಗಿ, ಲಿಖಿತ ಮುನ್ಸೂಚನೆ ಮತ್ತು ಸಂಬಳ ಜಮಾ ಆದ ಬ್ಯಾಂಕ್ ದಾಖಲೆ ಬೇಕಾಗುತ್ತವೆ. ಇವುಗಳಲ್ಲಿ ಒಪ್ಪಂದ ಮತ್ತು ವೀಸಾದ ವರ್ಗ ಕಾರ್ಮಿಕನು ಊರು ಬಿಡುವ ಮುನ್ನವೇ ನಿರ್ಧಾರವಾಗಿರುತ್ತವೆ. ಗದಗ ಜಿಲ್ಲೆಯ ಯಳವತ್ತಿಯಂತಹ ಹಳ್ಳಿಯಿಂದ ಹೊರಡುವವನಿಗೆ ಪಾಸ್‌ಪೋರ್ಟ್ ಸೇವಾ ಕೇಂದ್ರ ಹುಬ್ಬಳ್ಳಿಯಲ್ಲಿದೆ, ವಲಸೆ ರಕ್ಷಣಾಧಿಕಾರಿಯ ಕಚೇರಿ ಬೆಂಗಳೂರಿನಲ್ಲಿದೆ. ಏಜೆಂಟನ ಪ್ರತಿನಿಧಿ ಮಾತ್ರ ಮನೆ ಬಾಗಿಲಿಗೇ ಬರುತ್ತಾನೆ. ವೀಸಾದಲ್ಲಿ ನಮೂದಾದ ಹುದ್ದೆ ಯಾವುದು, ಒಪ್ಪಂದದಲ್ಲಿ ಮಾಲೀಕನ ಹೆಸರು ಯಾರದು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆಯುವ ಮೊದಲೇ ಸಾಲ ಮಾಡಿದವನಿಗೆ, ಪರದೇಶದ ಕಾನೂನು ಎಷ್ಟೇ ಉದಾರವಾದರೂ ಕೆಲಸ ಬಿಡುವ ಸ್ವಾತಂತ್ರ್ಯ ಕಾಗದದ ಮೇಲಷ್ಟೇ ಉಳಿಯುತ್ತದೆ.