ಯಂತ್ರಬಾಹುವಿನ ಕೀಲು

ದೊಡ್ಡ ಮೋಟಾರು ಕಾರ್ಖಾನೆಯೊಂದನ್ನು ಹೊಕ್ಕು ನೋಡಿದವರು ಬೆಸುಗೆ ಹಾಕುವ, ಬಣ್ಣ ಬಳಿಯುವ, ಭಾರವನ್ನೆತ್ತಿ ಇಡುವ ರೋಬಾಟುಗಳ ಲೋಹದ ತೋಳುಗಳನ್ನು ಕಂಡು ಬೆರಗಾಗುವುದು ಸಹಜವೇ ಆಗಿದೆ. ಆದರೆ ಆ ಬೆರಗು ಸಾಮಾನ್ಯವಾಗಿ ತೋಳಿನ ಬಲದ ಮೇಲೆಯೇ ನಿಂತುಬಿಡುತ್ತದೆ. ಬಲದಲ್ಲಿ ಕ್ರೇನು ಅದಕ್ಕಿಂತ ಹೆಚ್ಚಿನದು. ಯಂತ್ರಬಾಹುವಿನ ಮರ್ಮವಿರುವುದು ಅದರ ಕೀಲುಗಳಲ್ಲಿ. ಕೀಲನ್ನು ಮಾಡಲರಿಯದೆ ತೋಳನ್ನು ಮಾತ್ರ ಕೊಂಡು ತರುವ ದೇಶವು ಆ ಯಂತ್ರಕ್ಕೆ ಒಡೆಯನಾಗಲಾರದೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಅಮೆರಿಕದ ಜಾರ್ಜ್ ಡೆವಲ್ ಎಂಬವರು ಕಲ್ಪಿಸಿದ ‘ಯೂನಿಮೇಟ್’ ಎಂಬ ಯಂತ್ರಬಾಹುವು 1961ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯೊಂದರಲ್ಲಿ ಕಾದ ಎರಕದ ತುಂಡುಗಳನ್ನು ಎತ್ತಿಡಲು ತೊಡಗಿತು. ಅದನ್ನು ನಡೆಸುತ್ತಿದ್ದುದು ಎಣ್ಣೆಯ ಒತ್ತಡ. ಇಂದಿನ ತೋಳುಗಳಿಗೆ ಬಹುಮಟ್ಟಿಗೆ ವಿದ್ಯುತ್ ಮೋಟಾರುಗಳೇ ಆಧಾರ. ಸಾಮಾನ್ಯವಾಗಿ ಅವುಗಳಿಗೆ ಆರು ಕೀಲುಗಳು: ಸೊಂಟ, ಭುಜ, ಮೊಳಕೈಗಳಲ್ಲಿ ಒಂದೊಂದು, ಮಣಿಕಟ್ಟಿನಲ್ಲಿ ಮೂರು. ಒಂದು ವಸ್ತುವನ್ನು ಬೇಕಾದ ಸ್ಥಳದಲ್ಲಿ, ಬೇಕಾದ ಓರೆಯಲ್ಲಿ ಹಿಡಿಯಬೇಕಾದರೆ ಆರಕ್ಕೆ ಕಡಮೆ ಸಾಲದು.

ಇಲ್ಲಿ ತೊಡಕೊಂದುಂಟು. ಮೋಟಾರು ನಿಮಿಷಕ್ಕೆ ಮೂರು ಸಾವಿರ ಸುತ್ತು ಸುತ್ತಬಲ್ಲುದು. ಅದರ ಸೆಳೆತ ಮಾತ್ರ ಅಲ್ಪ. ತೋಳಿಗೆ ಬೇಕಾದುದು ನಿಧಾನವಾದ, ಬಲವಾದ ತಿರುವು. ಸಾಮಾನ್ಯ ಹಲ್ಲುಚಕ್ರಗಳಿಂದ ವೇಗವನ್ನು ತಗ್ಗಿಸಬಹುದು. ಆದರೆ ಹಲ್ಲು ಹಲ್ಲುಗಳ ನಡುವೆ ಕೊಂಚ ಸಡಿಲವು ಉಳಿದೇ ಉಳಿಯುತ್ತದೆ. ಎರಡು ಮೀಟರು ಉದ್ದದ ತೋಳಿನ ಭುಜದಲ್ಲಿ ಒಂದು ಡಿಗ್ರಿಯ ಸಡಿಲವಿದ್ದರೆ ತುದಿಯಲ್ಲಿ ಸುಮಾರು 35 ಮಿಲಿಮೀಟರು ತಪ್ಪುತ್ತದೆ. ಅಂತಹ ತೋಳಿನಿಂದ ಬೆಸುಗೆ ಹಾಕಿಸುವುದೆಂತು?

ಇದಕ್ಕೆ ಒಂದು ಪರಿಹಾರವನ್ನು ಅಮೆರಿಕದ ವಾಲ್ಟನ್ ಮಸ್ಸರ್ 1950ರ ದಶಕದಲ್ಲಿ ಕಂಡುಹಿಡಿದರು. ಗಟ್ಟಿಯಾದ ಉಕ್ಕಿನ ಬಳೆಯೊಂದರ ಒಳಮೈಯಲ್ಲಿ 202 ಹಲ್ಲುಗಳು. ಅದರೊಳಗೆ ಬಾಗಬಲ್ಲ ತೆಳುವಾದ ಉಕ್ಕಿನ ಬಟ್ಟಲು, ಅದರ ಹೊರಮೈಯಲ್ಲಿ 200 ಹಲ್ಲುಗಳು. ನಡುವೆ ಮೋಟಾರಿಗೆ ಸೇರಿದ ಅಂಡಾಕಾರದ ತುಂಡು. ಈ ತುಂಡು ಬಟ್ಟಲನ್ನು ಎರಡು ಕಡೆ ಒತ್ತಿ, ಹಲವು ಹಲ್ಲುಗಳನ್ನು ಒಮ್ಮೆಗೇ ಬಳೆಯ ಹಲ್ಲುಗಳೊಡನೆ ಕೂಡಿಸುತ್ತದೆ. ಅದು ಒಂದು ಸುತ್ತು ತಿರುಗಿದಾಗ ಬಟ್ಟಲು ಎರಡೇ ಹಲ್ಲುಗಳಷ್ಟು ಹಿಂದಕ್ಕೆ ಸರಿಯುತ್ತದೆ. ಎಂದರೆ ಮೋಟಾರಿನ ನೂರು ಸುತ್ತಿಗೆ ಕೀಲಿನದು ಒಂದು ಸುತ್ತು. ಸಡಿಲವು ಇಲ್ಲವೆಂಬಷ್ಟು ಅಲ್ಪ. ತಿರುವನ್ನು ಅಳೆದು ಗಣಕಕ್ಕೆ ತಿಳಿಸುತ್ತಿರಲು ಎನ್‌ಕೋಡರ್ ಎಂಬ ಉಪಕರಣವುಂಟು. ವಿದ್ಯುತ್ತು ನಿಂತೊಡನೆ ತೋಳು ಕೆಳಗೆ ಬೀಳದಂತೆ ಹಿಡಿಯಲು ಬ್ರೇಕುಂಟು.

ಈ ಬಗೆಯ ಕೀಲುಚಕ್ರಗಳ ತಯಾರಿಕೆಯಲ್ಲಿ ಜಪಾನಿನವರು ಬಹುಕಾಲದಿಂದ ಅಗ್ರಸ್ಥಾನದಲ್ಲಿದ್ದಾರೆ. ಚೀನದವರೂ ಈಗ ಅದರಲ್ಲಿ ನುರಿತಿದ್ದಾರೆ. ಇದರಲ್ಲಿ ಮಂತ್ರತಂತ್ರವೇನೂ ಇಲ್ಲ. ಒಳ್ಳೆಯ ಉಕ್ಕು, ಅದನ್ನು ಹದಮಾಡುವ ಅರಿವು, ಹಲ್ಲನ್ನು ಕೂದಲೆಳೆಗಿಂತ ಸೂಕ್ಷ್ಮವಾಗಿ ಕೊರೆಯುವ ಕೈ, ವರ್ಷಗಟ್ಟಲೆ ಕಾಯುವ ತಾಳ್ಮೆ, ಇಷ್ಟೇ. ಕೊಳ್ಳುವುದೇ ಅಗ್ಗವಲ್ಲವೇ ಎಂದು ಕೇಳುವವರುಂಟು. ಇಂದು ಅಗ್ಗವಿರಬಹುದು. ಆದರೆ ಕೀಲು ಸವೆದ ದಿನ ಮಾರಿದವನು ಹೇಳಿದ್ದೇ ಬೆಲೆ, ಅವನು ಕಳುಹಿಸಿದಾಗಲೇ ಕೆಲಸ. ಅಲ್ಲಿಯವರೆಗೆ ಕಾರ್ಖಾನೆಯು ಕೈಕಟ್ಟಿ ಕುಳಿತಿರಬೇಕು.

ಯಂತ್ರಗಳನ್ನು ಮಾಡುವ ಯಂತ್ರಗಳು ನಮ್ಮಲ್ಲಿಯೇ ಆಗಬೇಕೆಂದು 1953ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆಯನ್ನು ಸ್ಥಾಪಿಸಿದವರ ದೂರದೃಷ್ಟಿಯು ಈಗ ಮತ್ತೆ ಬೇಕಾಗಿದೆ. ನಮ್ಮ ತರುಣರಿಗೆ ಯಂತ್ರಬಾಹುವಿನ ಗುಂಡಿ ಒತ್ತುವುದನ್ನು ಕಲಿಸಿದರೆ ಸಾಲದು. ಅದರ ಕೀಲನ್ನು ಬಿಚ್ಚಿ, ಅಳೆದು, ಮತ್ತೊಂದನ್ನು ಮಾಡಿ ಜೋಡಿಸುವುದನ್ನು ಕಲಿಸಬೇಕು. ಕಡೆಗೀಲಿನ ಬೆಲೆಯನ್ನು ನಮ್ಮ ಹಳ್ಳಿಯ ಬಂಡಿಕಾರನು ಎಂದೋ ಅರಿತಿದ್ದಾನೆ. ವಿದ್ಯಾಶಾಲೆಗಳ ಅಧಿಕಾರಿಗಳೂ ಕಾರ್ಖಾನೆಗಳ ಒಡೆಯರೂ ಈ ವಿಷಯದಲ್ಲಿ ತಡಮಾಡಬಾರದೆಂದು ಪ್ರಾರ್ಥಿಸುತ್ತೇವೆ.