ಗುಂಡು ಅವರದು, ವಿಷ ಯಾರ ಪಾಲಿಗೆ?

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಈ ಗಾದೆ ಅಮೆರಿಕದ ಕಡಲ ದಂಡೆಯೊಂದರಲ್ಲಿ ಅಕ್ಷರಶಃ ನಿಜವಾಯಿತು.

ಕನೆಕ್ಟಿಕಟ್ ರಾಜ್ಯದ ಸ್ಟ್ರಾಟ್‌ಫರ್ಡಿನಲ್ಲಿ ರೆಮಿಂಗ್ಟನ್ ಎಂಬ ಬಂದೂಕು ಕಂಪನಿಯ ಕ್ಲಬ್ಬೊಂದಿತ್ತು. ಆಕಾಶಕ್ಕೆ ಚಿಮ್ಮಿಸಿದ ಬಿಲ್ಲೆಗಳಿಗೆ ಗುಂಡು ಹೊಡೆಯುವುದು ಅಲ್ಲಿನ ವಿನೋದ. ಸುಮಾರು 70 ವರ್ಷ ನಡೆದು 1986ರಲ್ಲಿ ಅದು ನಿಂತಿತು. ಅಷ್ಟರಲ್ಲಿ ನೆಲಕ್ಕೂ ಕಡಲಿಗೂ ಬಿದ್ದ ಸೀಸದ ಚರೆ ಸುಮಾರು 50 ಲಕ್ಷ ಪೌಂಡು!

ಕಾಳು ಅರೆಯಲೆಂದು ಹಕ್ಕಿಗಳು ಸಣ್ಣ ಕಲ್ಲು ನುಂಗುವುದುಂಟು. ಬಾತುಕೋಳಿ ಕಲ್ಲೆಂದು ನುಂಗಿದ ಚರೆ ಹೊಟ್ಟೆಯ ಹುಳಿಯಲ್ಲಿ ಕರಗಿ ರಕ್ತ ಸೇರುತ್ತದೆ. ಅಲ್ಲಿ ಪರೀಕ್ಷಿಸಿದ 28 ಕಪ್ಪು ಬಾತುಗಳಲ್ಲಿ 15ಕ್ಕೆ ಸೀಸದ ವಿಷ ತೀವ್ರವಾಗಿ ಏರಿತ್ತು. ಮಣ್ಣಿನಲ್ಲಿ ಬಿದ್ದ ಸೀಸವೂ ಸುಮ್ಮನಿರದು. ಹುಳಿಮಣ್ಣಿನಲ್ಲಿ ಕರಗಿ ನೀರಿಗಿಳಿಯುತ್ತದೆ.

ಮೀನುಗಾರರ ಸಂಘ ನ್ಯಾಯಾಲಯದ ಮೆಟ್ಟಿಲೇರಿತು. ಕಂಪನಿಯ ಉತ್ತರವೇನು? ಹಾರಿಸಿದ ಗುಂಡು ಕಸವೇ ಅಲ್ಲವಂತೆ! ಅಂಗಡಿಯ ಮುಂದೆ ನಾಲ್ಕು ಬಾಳೆಸಿಪ್ಪೆ ಬಿದ್ದರೆ ಬಡ ವ್ಯಾಪಾರಿಗೆ ದಂಡ. ಲಕ್ಷಾಂತರ ಪೌಂಡು ವಿಷ ಚೆಲ್ಲಿದರೆ ಅದು ಕಸವಲ್ಲ!

1993ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ವಾದವನ್ನು ತಳ್ಳಿಹಾಕಿತು. ಉಪಯೋಗ ಮುಗಿದ ಮೇಲೂ ಬಿದ್ದು ರಾಶಿಯಾದದ್ದು ಕಸವೇ, ಸೀಸವಂತೂ ಅಪಾಯಕರ ಕಸವೇ ಎಂದಿತು. ಆದರೆ ಜಲಮಾಲಿನ್ಯ ಕಾನೂನಿನ ದಾವೆ ಬಿದ್ದುಹೋಯಿತು. ದಾವೆಗೆ ಮೊದಲೇ ಗುಂಡು ಹಾರಿಸುವುದು ನಿಂತಿತ್ತೆಂಬುದೇ ಕಾರಣ. ಗುಂಡು ನಿಂತರೇನು, ನೀರಿನಡಿಯ ಸೀಸ ಎದ್ದುಹೋಯಿತೆ?

ಹಾಗಾದರೆ ಕ್ರೀಡೆಯೇ ಬೇಡವೆ ಎಂದು ಕೇಳುವವರುಂಟು. ಬೇಡವೆಂದವರಾರು? ಉಕ್ಕಿನ ಚರೆ ಇದೆಯಲ್ಲ! ಅಮೆರಿಕವೇ 1991ರಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸವನ್ನು ದೇಶಾದ್ಯಂತ ನಿಷೇಧಿಸಿತು. ಕ್ಲಬ್ಬುಗಳ ಗುರಿ ಮೈದಾನಕ್ಕೆ ಮಾತ್ರ ಆ ನಿಷೇಧ ತಟ್ಟಲಿಲ್ಲ. ಐರೋಪ್ಯ ಒಕ್ಕೂಟವು 2023ರಿಂದ ಜೌಗು ನೆಲಗಳಲ್ಲಿಯೂ ಅವುಗಳ 100 ಮೀಟರಿನೊಳಗೂ ಸೀಸದ ಚರೆ ಹಾರಿಸುವುದನ್ನು ನಿಲ್ಲಿಸಿದೆ. ಮನಸ್ಸಿದ್ದರೆ ಮಾರ್ಗವುಂಟು.

ಹತ್ತಿಯ ಧೂಳು ಕುಡಿದ ಮಿಲ್ ಕಾರ್ಮಿಕ ಬಂಧುಗಳಿಗೆ ಈ ಲೆಕ್ಕ ಹೊಸದಲ್ಲ. ಲಾಭ ಧಣಿಯ ಪೆಟ್ಟಿಗೆಗೆ, ಧೂಳು ದುಡಿಯುವವನ ಎದೆಗೆ. ನಾಲ್ಕು ಗೋಡೆಯೊಳಗೆ ಗುಂಡು ಹಾರಿಸುವ ಕಡೆ ನೆಲ ಗುಡಿಸುವವನು ಸೀಸದ ಧೂಳನ್ನು ಬಟ್ಟೆಯಲ್ಲಿ ಮನೆಗೊಯ್ಯುತ್ತಾನೆ. ಅದು ಅವನ ಮಗುವಿನ ಬಾಯಿಗೆ ಸೇರುತ್ತದೆ. ಮಗುವಿನ ಮಿದುಳಿಗೆ ಇಷ್ಟು ಸೀಸ ನಿರಪಾಯವೆಂಬ ಮಿತಿಯೇ ಇಲ್ಲವೆಂದು ವೈದ್ಯರು ಹೇಳುತ್ತಾರೆ.

ಚೆಲ್ಲಿದವನೇ ಬಳಿಯಬೇಕು. ಬಳಿಯುವ ಖರ್ಚನ್ನು ಮೊದಲೇ ಠೇವಣಿಯಿಟ್ಟು ಆಮೇಲೆ ಕ್ಲಬ್ಬಿನ ಬಾಗಿಲು ತೆರೆಯಬೇಕು. ಸಿರಿವಂತರ ವಿನೋದದ ಸಾಲವನ್ನು ಮೀನುಗಾರನೂ ಗುಡಿಸುವವನೂ ತೀರಿಸಬೇಕಾಗಿಲ್ಲ!